ಓಟದ ಮೋಟಾರಿಗೆ ಕೂಸಿನ ಹರಳೆಣ್ಣೆ

ಜರ್ಮನ್ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಸರಿಯಾದ ಇಸವಿ ಕೇಳಿದರೆ ಹೇಳಲಾರೆ. ನನ್ನ ದೊಡ್ಡ ಮಗ ಹುಟ್ಟಿದ ವರ್ಷ ಅಂತ ಮಾತ್ರ ಗೊತ್ತು. ನಾನು ಅಕ್ಷರ ಕಲಿತದ್ದೇ ಅವನು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ, ಅವನ ಪಾಟಿಯ ಮೇಲೆ. ಕಾಗುಣಿತ ತಪ್ಪಿದ್ದರೆ ಬಯ್ಯಬೇಡಿ.

ನನ್ನನ್ನು ಕೊಟ್ಟದ್ದು ಚಳ್ಳಕೆರೆಗೆ, ತವರು ಮೊಳಕಾಲ್ಮೂರು. ಎರಡೂ ಗಾಣದ ಮನೆಗಳೇ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ, ದಿನ ತುಂಬಿತ್ತು. ನಮ್ಮ ಮನೆ ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ದಾರಿಯ ಪಕ್ಕದಲ್ಲೇ, ಊರು ಮುಗಿಯುವ ಜಾಗದಲ್ಲಿತ್ತು. ಅಪ್ಪ ಎಳ್ಳು, ಕಡಲೆಕಾಯಿ ಆಡಿಸುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಜಂಬ, ತನ್ನ ಎಣ್ಣೆಯಲ್ಲಿ ಕಲಬೆರಕೆ ಇಲ್ಲ ಅನ್ನೋದು. ಯಾರಾದರೂ ತಮಾಷೆಗೆ ಬೆರಕೆ ಅಂದರೂ ಆ ಹೊತ್ತಿನ ಊಟ ಬಿಡುತ್ತಿದ್ದ.

ಹರಳೆಣ್ಣೆ ಮಾತ್ರ ಗಾಣದ್ದಲ್ಲ, ಒಲೆಯದ್ದು. ಅದು ಅವ್ವನ ಕೆಲಸ. ಹರಳು ಹುರಿದು, ಕುಟ್ಟಿ, ನೀರಿಗೆ ಹಾಕಿ ಕುದಿಸಿ, ತೇಲಿದ ಎಣ್ಣೆಯನ್ನು ಬಳಿದು, ನೀರಿನ ಅಂಶ ಹೋಗುವ ತನಕ ಮತ್ತೆ ಕಾಯಿಸಬೇಕು. ನನ್ನ ಬಾಣಂತನಕ್ಕೆ ಅಂತ ಅವ್ವ ನಾಲ್ಕು ಸೇರು ಮಾಡಿ, ಗಡಿಗೆಯ ಬಾಯಿ ಕಟ್ಟಿ ಅಟ್ಟದ ಮೇಲಿಟ್ಟಿದ್ದಳು. ಕೂಸು ಹುಟ್ಟುವ ಮುಂಚೆ ಬಾಣಂತಿ ಎಣ್ಣೆ ಹೊಸಿಲು ದಾಟಬಾರದು, ದಾಟಿದರೆ ಕೂಸಿಗೆ ಆಗಿಬರಲ್ಲ ಅಂತ ನಮ್ಮ ಮನೆಗಳಲ್ಲಿ ನಂಬಿಕೆ.

ಒಂದು ದಿನ ಮಧ್ಯಾಹ್ನ ದಾರಿಯಲ್ಲಿ ದಡದಡ ಸದ್ದಾಯಿತು. ನೋಡಿದರೆ ಮೋಟಾರು! ಅದಕ್ಕೆ ಛಾವಣಿ ಇಲ್ಲ, ಬಾಗಿಲಿಲ್ಲ, ಎರಡೇ ಸೀಟು, ಮುಂದೆ ಉದ್ದ ಮೂತಿ. ಮೈಯೆಲ್ಲ ಧೂಳಾದ ಒಬ್ಬ ಯುವಕ ಇಳಿದು ನೇರ ಗಾಣದ ಹತ್ತಿರ ಬಂದ.

"ಯಜಮಾನ್ರೇ, ನಾಲ್ಕು ಸೇರು ಹರಳೆಣ್ಣೆ ಬೇಕಾಗಿತ್ತು. ಕಲ್ಲು ಬಡಿದು ಇಂಜಿನ್ನಿನ ಕೆಳಗಿನ ತಿರುಪು ಸಡಿಲಾಗಿ ಎಣ್ಣೆಯೆಲ್ಲ ಸೋರಿಹೋಗಿದೆ."

ಅಪ್ಪ ನಕ್ಕ. "ಹರಳೆಣ್ಣೆ ಯಾಕೆ ಸ್ವಾಮಿ? ಅದು ಬಂಡಿ ಅಚ್ಚಿಗೆ ಹಚ್ಚೋದು. ನಿಮ್ಮಂಥ ದೊಡ್ಡೋರ ಗಾಡಿಗೆ ಒಳ್ಳೇ ಎಳ್ಳೆಣ್ಣೆ ಐತೆ, ತಗಳ್ರಿ."

"ಬೇಡ ಯಜಮಾನ್ರೇ. ಇದು ಪಂದ್ಯದಲ್ಲಿ ಓಡೋಕೆ ಮಾಡಿದ ಗಾಡಿ. ಜೋರಾಗಿ ಓಡಿಸಿದ್ರೆ ಒಳಗೆ ಕೆಂಡದಂಗೆ ಕಾಯುತ್ತೆ. ಬೇರೆ ಎಣ್ಣೆ ಕಾದ್ರೆ ನೀರಾಗಿಬಿಡುತ್ತೆ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಚ್ಚಿಕೊಳ್ಳುತ್ತೆ. ಹರಳೆಣ್ಣೆ ಎಷ್ಟು ಕಾದ್ರೂ ಅಂಟು ಬಿಡಲ್ಲ." ಅಷ್ಟು ಹೇಳಿ ಅವನ ದನಿ ಇಳಿಯಿತು. "ಬಳ್ಳಾರೀಲಿ ನನ್ನ ಹೆಂಡತಿಗೆ ನೋವು ಶುರುವಾಗಿ ಎರಡು ದಿನ ಆಯ್ತಂತೆ. ಹೆರಿಗೆ ಆಗ್ತಿಲ್ಲ, ತಕ್ಷಣ ಬಾ ಅಂತ ತಂತಿ ಬಂದಿದೆ. ಬೆಂಗಳೂರಿಂದ ಹೊರಟೋನು ಎಲ್ಲೂ ನಿಂತಿಲ್ಲ."

ಅವ್ವ ಏಣಿ ಹಾಕಿದಳು. ಅಟ್ಟದಿಂದ ಗಡಿಗೆ ಇಳಿಸಿ ನನ್ನ ಮುಂದಿಟ್ಟಳು. "ಬಟ್ಟೇಲಿ ಸೋಸಿ ಆ ಮಗನ ಡಬ್ಬಕ್ಕೆ ಹಾಕು. ನಾನು ಅಷ್ಟರೊಳಗೆ ಮಜ್ಜಿಗೆ ಕೊಟ್ಟು ಬರ್ತೀನಿ. ಮುಖ ನೋಡು ಪಾಪ, ಹೆಂಗೆ ಬಾಡೈತೆ" ಅಂದಳು.

ಅವನ ಮಾತು ನನಗೂ ಕೇಳಿಸಿತ್ತು. ಸುಳ್ಳು ಯಾಕೆ ಹೇಳಲಿ? ಕೇಳಿಸಿಯೂ ನನ್ನ ಕೈ ಬರಲಿಲ್ಲ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು. ಎಣ್ಣೆಯೆಲ್ಲ ಹೊಸಿಲು ದಾಟಿದರೆ ಇದರ ಗತಿ ಏನು ಅನ್ನಿಸಿತು. ಎರಡು ಸೇರು ಹರಳೆಣ್ಣೆ ಸೋಸಿದೆ. ಉಳಿದ ಎರಡು ಸೇರನ್ನು ಗಡಿಗೆಯಲ್ಲೇ ಬಿಟ್ಟು, ಪಕ್ಕದಲ್ಲಿದ್ದ ಕಡಲೆಎಣ್ಣೆಯನ್ನು ಅಳೆದು ಡಬ್ಬಕ್ಕೆ ಸುರಿದೆ. ಇದೂ ಅಪ್ಪನ ಒಳ್ಳೇ ಎಣ್ಣೆ, ಮೋಸವೇನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಗಡಿಗೆಗೆ ಮತ್ತೆ ಬಾಯಿ ಕಟ್ಟಿ ಮೂಲೆಗೆ ಸರಿಸಿದೆ.

ಅವಸರದಲ್ಲಿ ಅವನು ನೋಡಲೂ ಇಲ್ಲ. ತಿರುಪು ಬಿಗಿ ಮಾಡಿದ, ಎಣ್ಣೆ ಸುರಿದ, ಕೈಮುಗಿದ, ಹೊರಟೇಬಿಟ್ಟ. ಊರಾಚೆಯ ಏರಿನವರೆಗೂ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ಬದಲಾಯಿತು, ಕೆಮ್ಮಿದ ಹಾಗೆ. ಆಮೇಲೆ ನಿಂತೇಹೋಯಿತು. ಏರಿನ ಮೇಲೆ ಹೊಗೆ ಎದ್ದದ್ದು ನಮ್ಮ ಅಂಗಳಕ್ಕೇ ಕಾಣಿಸಿತು.

ಅಪ್ಪ ಗಾಣದ ಎತ್ತು ಬಿಚ್ಚಿ ಹೊಡೆದುಕೊಂಡು ಓಡಿದ. ಸ್ವಲ್ಪ ಹೊತ್ತಿಗೆ ಆ ಉದ್ದ ಮೂತಿಯ ಮೋಟಾರನ್ನು ನಮ್ಮ ಎರಡು ಎತ್ತುಗಳು ಎಳೆದುಕೊಂಡು ಬಂದವು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು.

"ಸದ್ದು ಬದಲಾದ ಕೂಡಲೇ ನಿಲ್ಲಿಸಿದೆ, ಕಚ್ಚಿಕೊಂಡಿಲ್ಲ. ಆದ್ರೆ ಈ ಎಣ್ಣೇಲಿ ಇನ್ನೊಂದು ಮೈಲಿ ಹೋದ್ರೆ ಮುಗೀತು" ಅಂದ ಆತ.

ಅಪ್ಪ ಡಬ್ಬದ ತಳದಲ್ಲಿ ಉಳಿದಿದ್ದ ಎಣ್ಣೆಯಲ್ಲಿ ಬೆರಳದ್ದಿ ಉಜ್ಜಿದ, ಮೂಸಿದ. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. "ಇದ್ರಾಗೆ ಕಡ್ಲೆಎಣ್ಣೆ ಐತೆ. ನನ್ನ ಮನೆ ಎಣ್ಣೇಲಿ ಕಲಬೆರಕೆ!" ಅಂದು ಅವ್ವನ ಕಡೆ ತಿರುಗಿದ. ಅವನು ಅವ್ವನನ್ನು ಅಂಥ ಕಣ್ಣಲ್ಲಿ ನೋಡಿದ್ದು ನಾನು ಎಂದೂ ಕಂಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅವ್ವ ಅಲ್ಲ, ಬೆರೆಸಿದ್ದು ನಾನು. ನನ್ನ ಕೂಸಿಗೆ ಇರಲಿ ಅಂತ" ಅಂದು ಗೋಳೋ ಅಂತ ಅತ್ತೆ.

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಬೈಗುಳ ಬರುತ್ತದೆ ಅಂತ ತಲೆ ತಗ್ಗಿಸಿ ನಿಂತೆ. ಆತ ನನ್ನ ಹೊಟ್ಟೆ ನೋಡಿದ, ಮುಖ ನೋಡಿದ. "ಅಳಬೇಡ ತಂಗಿ. ನಾನು ಇಂಜಿನ್ನಿಗೆ ಅಂದೆ, ನೀನು ಕೂಸಿಗೆ ಅಂದೆ. ನಿನ್ನ ಜಾಗದಲ್ಲಿ ನನ್ನ ಹೆಂಡತಿ ಇದ್ದಿದ್ರೂ ಹಂಗೇ ಮಾಡ್ತಿದ್ಲು" ಅಂದ. ಅವನ ಕಣ್ಣಲ್ಲೂ ನೀರಿತ್ತು. ನಾಲ್ಕು ಬಾರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಅಳೋದು ಆಮೇಲೆ ಅಳೀರಂತೆ" ಅಂತ ಅವ್ವ ಗದರಿದಳು. "ಉಳಿದಿದ್ದು ಎರಡು ಸೇರು ತಾನೆ? ಇನ್ನೆರಡು ಸೇರು ನಾನು ತರ್ತೀನಿ. ನೀನು ಅದರ ಹೊಟ್ಟೇಲಿರೋ ಬೆರಕೆಯೆಲ್ಲ ತೆಗಿಯಪ್ಪಾ."

ಹಿಂದಿನ ಬೀದಿ ಪೂರ್ತಿ ರೇಷ್ಮೆ ಸೀರೆ ನೇಯುವವರದು, ತೆಲುಗು ಮನೆಮಾತಿನವರು. ಅವ್ವ ಬೀದಿ ತುದಿಯಲ್ಲಿ ನಿಂತು ಕೂಗಿದಳು. ಮೊದಲು ಬಂದವಳು ನೇಕಾರರ ಪುಲ್ಲಮ್ಮತ್ತೆ. ಅವಳ ಸೊಸೆ ಹಸಿ ಬಾಣಂತಿ. "ಆಮುದಮಾ? ಉಂದಿ, ಉಂದಿ! ಹರಳೆಣ್ಣೆ ಐತೆ, ಎಷ್ಟು ಬೇಕು ತಗೋ ಅಕ್ಕಾ" ಅಂತ ಬಟ್ಟಲು ಹಿಡಿದುಕೊಂಡು ಬಂದಳು. ಅವಳ ಹಿಂದೆ ಒಬ್ಬೊಬ್ಬರೇ ಮಗ್ಗ ನಿಲ್ಲಿಸಿ ಬಂದರು, ಒಬ್ಬಳು ಗಿಂಡಿಯಲ್ಲಿ, ಒಬ್ಬಳು ಕರಟದಲ್ಲಿ.

ಆದರೆ ಅವ್ವ ಕೊಟ್ಟದ್ದನ್ನೆಲ್ಲ ಹಾಗೇ ಸುರಿಯಲಿಲ್ಲ. ಒಂದೊಂದು ಬಟ್ಟಲಿಗೂ ಹತ್ತಿಯ ಬತ್ತಿ ಅದ್ದಿ ಹಚ್ಚಿದಳು. ಬತ್ತಿ ಸುಮ್ಮನೆ ಉರಿದರೆ ಆ ಎಣ್ಣೆ ಆಯಿತು. ಚಟಚಟ ಅಂದರೆ ನೀರಿದೆ ಅಂತ ಬದಿಗಿಟ್ಟಳು. ಪುಲ್ಲಮ್ಮತ್ತೆಯದೇ ಚಟಗುಟ್ಟಿತು! "ಏನೇ ಪುಲ್ಲಮ್ಮಾ, ಮಾತಾಡ್ಕೊಂತ ಬೇಗ ಇಳಿಸಿದ್ಯೇನೇ?" ಅಂತ ಅವ್ವ ರೇಗಿಸಿದಳು. ಅವಳು ನಾಚಿ ಓಡಿಹೋಗಿ ಅದನ್ನು ಒಲೆ ಮೇಲಿಟ್ಟು, ಚಟಚಟ ನಿಂತ ಮೇಲೆ ತಿರುಗಿ ತಂದಳು. ಆತ ಬೆಪ್ಪಾಗಿ ನೋಡುತ್ತಿದ್ದ. "ತಾಯಿ, ಇಂಜಿನ್ನಿನೋರೂ ಇಷ್ಟು ಪರೀಕ್ಷೆ ಮಾಡಲ್ಲ" ಅಂದ. "ಕೂಸಿನ ನೆತ್ತಿಗಿಂತ ನಿನ್ನ ಇಂಜಿನ್ನು ದೊಡ್ಡದೇನಪ್ಪಾ?" ಅಂದಳು ಅವ್ವ.

ಈ ಸಲ ಅವ್ವನೇ ಸುರಿದಳು. ಸುರಿಯುವ ಮುಂಚೆ ಆ ಉದ್ದ ಮೂತಿಗೆ ಒಂದು ಬೊಟ್ಟು ಎಣ್ಣೆ ಸವರಿ, ಮೆತ್ತಗೆ ತಟ್ಟಿದಳು. ಇಂಜಿನ್ನು ಗುರ್ ಅಂದಿತು. ಬೀದಿಯ ಹೆಂಗಸರೆಲ್ಲ ಕಿವಿಗೊಟ್ಟು ನಿಂತರು. ಮೋಟಾರು ಏರು ಹತ್ತಿತು, ಇಳಿಯಿತು, ಕೆಮ್ಮಲಿಲ್ಲ. ಅಪ್ಪ ಆ ಹೊತ್ತು ಊಟ ಮಾಡಲಿಲ್ಲ. ಆದರೆ ನನ್ನನ್ನು ಬಯ್ಯಲಿಲ್ಲ.

ಮಾರನೇ ದಿನವೇ ನನಗೆ ನೋವು ಬಂತು. ಹೊಸ ಎಣ್ಣೆ ಮಾಡಲು ಅವ್ವನಿಗೆ ಪುರುಸೊತ್ತೇ ಆಗಲಿಲ್ಲ. ಗಂಡು ಮಗು, ಸುಖವಾಗಿ ಹುಟ್ಟಿತು. ಬೀದಿಯವರ ಎಣ್ಣೆ ಕೂಡಿಸಿದ್ದ ಬೋಗುಣಿಯ ತಳದಲ್ಲಿ ಒಂದು ಪಾವಿನಷ್ಟು ಉಳಿದಿತ್ತು. ಅವ್ವ ಅದನ್ನೇ ಬಳಿದು ಅವನ ನೆತ್ತಿಗೆ ಇಟ್ಟಳು.

ಹದಿನೈದು ದಿನಕ್ಕೆ ಅದೇ ಸದ್ದು ನಮ್ಮ ಬಾಗಿಲಿಗೆ ಬಂತು. ಬಾಣಂತಿ ಕೋಣೆಯಿಂದಲೇ ಅವನ ಮಾತು ಕೇಳಿಸಿಕೊಂಡೆ. "ಹೆಣ್ಣು ಮಗು ತಾಯಿ. ಇಬ್ಬರೂ ಚೆನ್ನಾಗಿದ್ದಾರೆ. ನಾನು ಹೋದ ಮೇಲೇ ಹೆರಿಗೆ ಆಯ್ತು." ಅವ್ವನಿಗೆ ಅಂತ ಪೇಟೆಯಿಂದ ಒಂದು ದೊಡ್ಡ ಡಬ್ಬ ಹರಳೆಣ್ಣೆ ತಂದಿದ್ದ. ಅವ್ವ ಖುಷಿಯಿಂದ ತಗೊಂಡಳು. ಅವನು ಮರೆಯಾದ ಮೇಲೆ ಬತ್ತಿ ಅದ್ದಿ ಹಚ್ಚಿದಳು. ಚಟಚಟ ಅಂತು. "ಥೂ, ಬಂಡಿ ಅಚ್ಚಿಗೆ ಆಗ್ತೈತೆ ಬಿಡು" ಅಂದಳು. ನಾನು ನಕ್ಕು ನಕ್ಕು ಸುಸ್ತಾದೆ.

ಆವತ್ತೇ ಕೇಳಿದೆ. "ಅವ್ವಾ, ಎಣ್ಣೆ ಹೊಸಿಲು ದಾಟಿಸುವಾಗ ನಿನಗೆ ಹೆದರಿಕೆ ಆಗಲಿಲ್ವಾ?"

ಅವ್ವ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಆಗಲಿಲ್ಲ ಅಂತ ಯಾರೇ ಹೇಳಿದ್ದು? ಹೆದರ್ಕೊಂಡೇ ಕೊಟ್ಟೆ ಕಣೇ" ಅಂದಳು.

ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಈಗ ಚಳ್ಳಕೆರೆಯಲ್ಲಿ ನನ್ನ ಸೊಸೆಯಂದಿರ ಬಾಣಂತನಕ್ಕೆ ಹರಳೆಣ್ಣೆ ಕಾಯಿಸುವವಳು ನಾನೇ. ಪ್ರತಿ ಸಲ ಗಡಿಗೆಗೆ ಬಾಯಿ ಕಟ್ಟುವ ಮುಂಚೆ ಒಂದು ಸೇರು ಬೇರೆ ತೆಗೆದಿಡುತ್ತೇನೆ. ಯಾರಿಗೆ ಅಂತ ಸೊಸೆಯರು ಕೇಳುತ್ತಾರೆ. ಯಾರಾದರೂ ಬಂದು ಕೇಳಿದರೆ ಕೊಡೋಕೆ ಅನ್ನುತ್ತೇನೆ. ಅದನ್ನು ಹೊಸಿಲಿನ ಆಚೆ, ಜಗುಲಿಯ ಮೇಲೇ ಇಟ್ಟಿರುತ್ತೇನೆ.