ಹುಫೂಫಿನ ಬಾಣಂತಿ ಕೋಣೆ

ಬಲಿತ ಶುಂಠಿಯನ್ನು ಸಿಪ್ಪೆಸಹಿತ ತೆಳ್ಳಗೆ ಹೆಚ್ಚಿ ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತಾ ಹೋದರೆ, ಅಂಚುಗಳು ಸುರುಟಿ ಕಂದು ಬಣ್ಣಕ್ಕೆ ತಿರುಗುವ ಒಂದು ಗಳಿಗೆ ಬರುತ್ತದೆ. ಆಗ ಏಳುವ ಖಾರ ಬೆರೆತ ಪರಿಮಳಕ್ಕೆ, ನಾನು ಎಲ್ಲಿದ್ದರೂ ಸರಿ, ನನ್ನನ್ನು ಎತ್ತಿಕೊಂಡು ಹೋಗಿ ಕೊಲ್ಲಿ ನಾಡಿನ ಅಲ್ ಅಹ್ಸಾ ಸೀಮೆಯ ಹುಫೂಫ್ ಪೇಟೆಯ ಆ ಮನೆಯ ಹೊಸ್ತಿಲಲ್ಲಿ ನಿಲ್ಲಿಸುವ ಶಕ್ತಿಯಿದೆ. ಖರ್ಜೂರದ ತೋಟಗಳು ಮುಗಿದು ಪೇಟೆ ಶುರುವಾಗುವಲ್ಲಿದ್ದ ಕಟ್ಟಡ ಅದು. ಕಂಪನಿಯ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದ ನನ್ನ ತಂದೆ ಉಪ್ಪ, ತಾಯಿ ಉಮ್ಮ ಮತ್ತು ನಾನು ಎರಡನೆಯ ಮಹಡಿಯಲ್ಲಿದ್ದೆವು. ಎದುರು ಬಾಗಿಲಿನಲ್ಲಿ ತೈವಾನಿನ ವೈದ್ಯ ತಂಡದೊಂದಿಗೆ ಬಂದಿದ್ದ ನರ್ಸ್ ಲಿನ್ ಆಂಟಿ ಇದ್ದರು. ಎಂಬತ್ತರ ದಶಕದ ನಡುವಿನ ವರ್ಷಗಳವು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಿಲಿನಲ್ಲಿ ಅರಬ್ಬಿ ಮಾತಾಡುತ್ತ ಬೆಳೆದ ನನಗೆ ಆಗ ಹತ್ತು ವರ್ಷವಿದ್ದೀತು.

ನಮ್ಮ ಊರಾದ ಮಂಗಳೂರಿನ ಕಡೆ ಆಟಿಯ ಮಳೆ ಸುರಿಯುವ ತಿಂಗಳಲ್ಲಿ ನನಗೆ ತಮ್ಮ ಹುಟ್ಟಿದ. ಹುಫೂಫಿನಲ್ಲಾದರೋ ಅದು ಬಾಗಿಲ ಹಿಡಿಕೆಯೂ ಕೈ ಸುಡುವ ಕಾಲ. ಬಾಣಂತನಕ್ಕೆ ಬರಬೇಕಿದ್ದ ಉಮ್ಮಮ್ಮನಿಗೆ, ಅಂದರೆ ನನ್ನ ಅಜ್ಜಿಗೆ, ವೀಸಾ ಸಿಗಲಿಲ್ಲ. ಆಸ್ಪತ್ರೆಯಿಂದ ಮರಳಿದ ಉಮ್ಮ ಮಂಚ ಬಿಟ್ಟು ಏಳಲಿಲ್ಲ. ಜ್ವರವಿಲ್ಲ, ರಕ್ತ ಸರಿಯಿದೆ, ಎಲ್ಲವೂ ಸರಿಯಿದೆ ಎಂದರು ವೈದ್ಯರು. ಆದರೂ ಅವಳ ಮೊಣಕಾಲುಗಳು ನೋಯುತ್ತಿದ್ದವು, ಎದೆಹಾಲು ಸಾಲುತ್ತಿರಲಿಲ್ಲ, ಮುಖ ಸದಾ ಗೋಡೆಯ ಕಡೆಗೆ ತಿರುಗಿರುತ್ತಿತ್ತು. ಉಪ್ಪ ತಮಗೆ ತಿಳಿದ ಪ್ರೀತಿಯನ್ನೆಲ್ಲ ತೋರಿದರು. ಮನೆಯ ಅತ್ಯಂತ ಜೋರಾದ ಎಸಿ ಇದ್ದ ಕೋಣೆಯಲ್ಲಿ, ಅದರ ಗಾಳಿ ನೇರವಾಗಿ ಬೀಳುವಂತೆ ಅವಳ ಮಂಚ ಹಾಕಿದರು. ಕುಡಿಯಲು ಫ್ರಿಜ್ಜಿನಿಂದ ತಣ್ಣನೆಯ ಮಜ್ಜಿಗೆ ಕೊಟ್ಟರು. ಊರಿನ ಸೆಕೆಯಲ್ಲಿ ಬೆಳೆದು ಕೊಲ್ಲಿಗೆ ಬಂದ ಗಂಡಸಿಗೆ ಹೆಂಡತಿಯನ್ನು ತಂಪಾಗಿಡುವುದಕ್ಕಿಂತ ದೊಡ್ಡ ಐಶ್ವರ್ಯ ಬೇರೊಂದಿರಲಿಲ್ಲ. ಕೊನೆಗೆ ಒಂದು ಸಂಜೆ ಸೋತ ಧ್ವನಿಯಲ್ಲಿ ಹೇಳಿದರು, “ಈ ತಿಂಗಳು ನೋಡುವ. ಎದ್ದು ಓಡಾಡದಿದ್ದರೆ ನಿಮ್ಮನ್ನು ಊರಿಗೆ ಕಳಿಸುವುದೇ.” ಒಮ್ಮೆ ಹೋದರೆ ಮತ್ತೆ ಫ್ಯಾಮಿಲಿ ವೀಸಾ ಸಿಗುವ ಭರವಸೆ ಇರಲಿಲ್ಲ. ಅಪ್ಪ ಇಲ್ಲಿ, ಉಳಿದವರು ಊರಿನಲ್ಲಿ ಎಂದು ಮನೆ ಎರಡಾಗುವುದೆಂದರೇನೆಂದು ನಮ್ಮ ಕಟ್ಟಡದ ಮಕ್ಕಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಲಿನ್ ಆಂಟಿ ಮಗುವನ್ನು ನೋಡಲು ಬಂದದ್ದು ಮರುದಿನ. ಬಾಗಿಲು ದಾಟಿದವರೇ ಮಗುವನ್ನು ಬಿಟ್ಟು ಎಸಿಯನ್ನು ನೋಡಿದರು. ನೆಟ್ಟಗೆ ಹೋಗಿ ಆರಿಸಿದರು.

“ಹೊರಗೆ ಬೆಂಕಿ ಬೀಳ್ತಾ ಉಂಟು ಸಿಸ್ಟರ್!” ಎಂದರು ಉಪ್ಪ, ಗಾಬರಿಯಿಂದ.

“ಬೆಂಕಿ ಹೊರಗೆ. ಇವಳ ಹೊಟ್ಟೆಯೊಳಗೆ ಚಳಿಗಾಲ,” ಎಂದರು ಲಿನ್ ಆಂಟಿ.

ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಅಜ್ಜಿಯಿಂದ ಕಲಿತದ್ದನ್ನು ತಮ್ಮ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದರು. ನಾನದನ್ನು ಬ್ಯಾರಿಗೆ ತಂದೆ. ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಹರಿಯುತ್ತದೆ. ಚಳಿಗಾಲದಲ್ಲಿ ಅದು ಬೀಜದಂತೆ ಒಳಗೆ ಮುದುಡಿ ಮಲಗುತ್ತದೆ, ವಸಂತದಲ್ಲಿ ಚಿಗುರಿನಂತೆ ಮೇಲೇರುತ್ತದೆ, ಬೇಸಿಗೆಯಲ್ಲಿ ಜಾತ್ರೆಗೆ ಹೋದ ಮನೆಮಂದಿಯಂತೆ ಚರ್ಮದ ಮೇಲೆಲ್ಲ ಹರಡಿಕೊಳ್ಳುತ್ತದೆ. ಒಳಗಿನ ಮನೆ ಆಗ ಬರಿದು, ಒಲೆ ತಣ್ಣಗೆ. ಆದ್ದರಿಂದಲೇ ಚಳಿಗಾಲಕ್ಕೆ ತಂಪಿನ ಮೂಲಂಗಿ, ಬೇಸಿಗೆಗೆ ಉಷ್ಣದ ಶುಂಠಿ. ಹೆತ್ತವಳಂತೂ ಬಾಗಿಲು ತೆರೆದಿಟ್ಟ ಮನೆ; ಗಾಳಿ ಹೊಕ್ಕರೆ ಕೀಲುಗಳಲ್ಲಿ ಕೂತುಬಿಡುತ್ತದೆ.

ಗೋಡೆಯ ಕಡೆಗಿದ್ದ ಉಮ್ಮನ ಮುಖ ಆಗ ಮೊದಲ ಬಾರಿ ಇತ್ತ ತಿರುಗಿತು. “ಇದು ನನ್ನ ಉಮ್ಮ ಹೇಳುವುದೇ ಅಲ್ವಾ ಮಾರಾಯ್ತಿ!” ಎಂದಳು.

ಮಂಚ ಒಳಕೋಣೆಗೆ ಹೋಯಿತು. ಎಸಿ ಹೊರಗಿನ ಕೋಣೆಯಲ್ಲೇ ಉಳಿದು, ಅರೆತೆರೆದ ಬಾಗಿಲಿನಿಂದ ಬೇಕಾದಷ್ಟೇ ತಂಪು ಒಳಗೆ ಬಂತು. ಕೋಳಿಯ ತುಂಡುಗಳು ಹುರಿದ ಶುಂಠಿಯೊಂದಿಗೆ ಬೇಯತೊಡಗಿದವು. ತಮ್ಮೂರಿನಲ್ಲಿ ಅದಕ್ಕೆ ಅಕ್ಕಿಯ ಮದ್ಯ ಸುರಿಯುತ್ತಾರೆಂದು ಲಿನ್ ಆಂಟಿ ಹೇಳಿದಾಗ ಉಪ್ಪ ಬೆಚ್ಚಿಬಿದ್ದು ಸೌಟು ಕೆಳಗಿಟ್ಟರು. “ಹೆದರಬೇಡಿ, ಇಲ್ಲಿ ಖರ್ಜೂರ ಹಾಕ್ತೇನೆ,” ಎಂದು ಆಂಟಿ ನಕ್ಕರು. ಅಲ್ ಅಹ್ಸಾದ ಖರ್ಜೂರ ಆ ಸಾರಿಗೆ ಬೆರೆತ ಮೇಲೆ ತೈವಾನೂ ಮಂಗಳೂರೂ ಅದರ ಒಡೆತನ ಹೇಳಿಕೊಳ್ಳುವಂತಿರಲಿಲ್ಲ.

ಜಗಳ ಹುಟ್ಟಿದ್ದು ಸ್ನಾನದ ವಿಷಯದಲ್ಲಿ. ಕೊಲ್ಲಿಯ ಮನೆಗಳಿಗೆ ಆಗ ಊರಿನ ಮಾತು ಬರುತ್ತಿದ್ದುದು ಕ್ಯಾಸೆಟ್ಟುಗಳಲ್ಲಿ. ರಜೆ ಮುಗಿಸಿ ಬಂದವರ ಪೆಟ್ಟಿಗೆಯಲ್ಲಿ ಉಮ್ಮಮ್ಮನ ಧ್ವನಿಯೂ ಬಂದಿತ್ತು: ದಿನಾ ಮೈಗೆ ಎಣ್ಣೆ ತಿಕ್ಕಬೇಕು, ತಲೆಯಿಂದ ಬಿಸಿನೀರು ಹೊಯ್ಯಬೇಕು, ತಪ್ಪಿದರೆ ನನ್ನಾಣೆ. ಲಿನ್ ಆಂಟಿಯ ಅಜ್ಜಿಯ ಕಟ್ಟಳೆ ಇದಕ್ಕೆ ತದ್ವಿರುದ್ಧ: ತಿಂಗಳಿಡೀ ತಲೆಗೆ ಹನಿ ನೀರೂ ಕೂಡದು. ಉಮ್ಮ ಸ್ನಾನವಿಲ್ಲದೆ ಕಣ್ಣೀರು ಹಾಕಿದಳು. ಲಿನ್ ಆಂಟಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು. ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಅನೇಕ ವಿಷಯಗಳ ಪರ ಮತ್ತು ವಿರೋಧ ವಾದಿಸಿದ್ದೇನೆ. ನನ್ನ ಮೊದಲ ವಾದ ನಡೆದದ್ದು ಆ ಬಚ್ಚಲಿನ ಮುಂದೆ, ಸಮುದ್ರದಾಚೆಗಿನ ಇಬ್ಬರು ಮುದುಕಿಯರ ನಡುವೆ.

“ಆಂಟಿ, ನಿಮ್ಮ ಅಜ್ಜಿ ನೀರಿಗೆ ಹೆದರುವುದಾ, ಗಾಳಿಗಾ?” ಎಂದು ಕೇಳಿದೆ.

“ಗಾಳಿಗೆ. ಒದ್ದೆ ಕೂದಲು ಗಾಳಿಯನ್ನು ಕರೀತದೆ.”

“ನಮ್ಮ ಉಮ್ಮಮ್ಮನೂ ಗಾಳಿಗೇ ಹೆದರುವುದು. ಕೇಳಿ.” ಕ್ಯಾಸೆಟ್ ಹಾಕಿ ಉಳಿದ ಭಾಗವನ್ನು ಅನುವಾದಿಸಿದೆ: ಮಿಂದ ಕೂಡಲೇ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೂದಲಿಗೆ ಲೋಬಾನದ ಹೊಗೆ, ಬುಡ ಒಣಗುವ ತನಕ ಕಿಟಕಿ ತೆರೆದವರ ಕೈ ಮುರೀತೇನೆ.

ಲಿನ್ ಆಂಟಿ ತಲೆಬಾಗಿಸಿ ಕೇಳಿದರು. ಧ್ವನಿಯ ಹಿಂದೆ ಕೇಳುವ ಸದ್ದೇನು ಎಂದರು. ಮಳೆ ಎಂದೆ. ಅವರ ಮುಖ ಮೃದುವಾಯಿತು. ಅವರ ಊರಿನಲ್ಲೂ ಅಂಥದೇ ಮಳೆಯಂತೆ. “ಇಷ್ಟು ಮಳೆಯಲ್ಲೂ ಕೂದಲು ಒಣಗಿಸ್ತಾರಾದರೆ ನಾನು ಸೋತೆ,” ಎಂದರು. ಮತ್ತೆ ಟೇಪ್‌ರೆಕಾರ್ಡರಿನತ್ತ ಬೆರಳು ತೋರಿಸಿ, “ನಿನ್ನ ಅಜ್ಜಿಯ ಚೀ ಬಹಳ ಜೋರು, ಸಫಿಯಾ. ಟೇಪಿನಿಂದಲೂ ಬೈತಾರೆ.”

ಅಂದು ಸಂಜೆ ಉಮ್ಮ ಮಿಂದಳು. ಹುಫೂಫಿನ ಅಂಗಡಿಬೀದಿ ಸೂಕಿನಿಂದ ಉಪ್ಪ ತಂದ ಲೋಬಾನದ ಹೊಗೆಯಲ್ಲಿ ಅವಳ ಕೂದಲು ಒಣಗುತ್ತಿದ್ದಾಗ ಲಿನ್ ಆಂಟಿ ಕಿಟಕಿಗಳನ್ನು ಕಾವಲುಗಾರನಂತೆ ಕಾದರು. ದಿನ ಕಳೆದಂತೆ ಅವಳ ಕಾಲುಗಳಿಗೆ ಬಲ ಮರಳಿತು, ಎದೆಗೆ ಹಾಲು ಮರಳಿತು. ಕೊನೆಯಲ್ಲಿ ಮರಳಿದ್ದು ನಾಲಗೆಯ ಹರಿತ. ತಿಂಗಳ ಕೊನೆಗೆ, ನಮ್ಮನ್ನು ಊರಿಗೆ ಕಳಿಸಬೇಕಾಗಿ ಬಂದರೆ ಇರಲೆಂದು ಉಪ್ಪ ಒಂದು ಹೊಸ ಸೂಟ್‌ಕೇಸ್ ಹಿಡಿದು ಬಂದಾಗ, ಉಮ್ಮ ಅಡುಗೆಮನೆಯಲ್ಲಿ ಮಗುವನ್ನು ಒಂದು ತೋಳಿನಲ್ಲಿ ಎದೆಗವಚಿಕೊಂಡು ಮೀನಿನ ಸಾರು ತಿರುವುತ್ತಿದ್ದಳು. ಪೆಟ್ಟಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು.

“ತಂದದ್ದು ಒಳ್ಳೆಯದಾಯ್ತು. ಚಳಿಗಾಲದ ರಜಾಯಿ ಇಡ್ಲಿಕ್ಕೆ ಜಾಗವೇ ಇರಲಿಲ್ಲ.”

ಉಪ್ಪ ಬಾಗಿಲಲ್ಲೇ ಕೂತು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆ ಪೆಟ್ಟಿಗೆಯಲ್ಲಿ ರಜಾಯಿಗಳು ವರ್ಷಗಟ್ಟಲೆ ಬೇಸಿಗೆ ಕಳೆದವು.

ಚೀ ಎಂಬುದನ್ನು ಪ್ರಮಾಣಿಸಿ ತೋರಿಸು ಎಂದರೆ ನನ್ನಿಂದಾಗದು. ಆದರೆ ಹೆತ್ತವಳಿಗೆ ಬಿಸಿ ಅನ್ನ, ಬೆಚ್ಚಗಿನ ಮೂಲೆ, ಕಾಯುವ ಒಬ್ಬ ಹೆಂಗಸು ಸಲ್ಲಲೇಬೇಕೆಂದು ಊರೂರಿನ ಸಭೆಗಳಲ್ಲಿ ನಾನು ಇಂದಿಗೂ ವಾದಿಸುವಾಗ, ಎದ್ದು ನಿಂತ ನನ್ನ ಉಮ್ಮನೇ ನನ್ನ ಆಧಾರ. ವೈದ್ಯ ತಂಡ ಮರಳಿದಾಗ ಲಿನ್ ಆಂಟಿ ಹೋದರು. ಆಮೇಲೆ ಅವರ ಸುದ್ದಿ ಬರಲಿಲ್ಲ. ಕಟ್ಟಡವಿದ್ದಲ್ಲಿ ಈಗ ಅಗಲವಾದ ರಸ್ತೆಯಿದೆಯಂತೆ. ಉಮ್ಮಮ್ಮ, ಉಪ್ಪ, ಉಮ್ಮ ಒಬ್ಬೊಬ್ಬರಾಗಿ ಮಣ್ಣು ಸೇರಿದರು.

ಉಮ್ಮಮ್ಮನಿಗೆ ನಾವು ಕಳಿಸಿದ್ದ ಮಾರುತ್ತರದ ಕ್ಯಾಸೆಟ್ ಅವಳ ತಗಡಿನ ಪೆಟ್ಟಿಗೆಯಲ್ಲಿ ಉಳಿದಿತ್ತು, ಈಗ ನನ್ನಲ್ಲಿದೆ. ಅದರಲ್ಲಿ ಲಿನ್ ಆಂಟಿ ನಾನು ಕಲಿಸಿದ ಬ್ಯಾರಿಯಲ್ಲಿ ತಡವರಿಸುತ್ತ ಸಲಾಂ ಹೇಳುತ್ತಾರೆ. ಎಣ್ಣೆಯಲ್ಲಿ ಶುಂಠಿ ಚಟಪಟ ಎನ್ನುತ್ತದೆ. ಗೋಡೆಯಾಚೆ ಎಲ್ಲೋ ದೂರದಲ್ಲಿ ಎಸಿ ಗುಂಯ್ ಎನ್ನುತ್ತಿರುತ್ತದೆ. ಅದಕ್ಕಿಂತ ತುಂಬ ಹತ್ತಿರದಲ್ಲಿ ಉಮ್ಮ ನಗುತ್ತಾಳೆ.