ಪಿಂಚಣಿ ಅಕ್ಕೋರು

ಜೀಪು ಹತ್ತಿದ ಕೂಡಲೇ ಅವರು ಚಪ್ಪಲಿ ಕಳಚಿ, ಊದಿದ ಪಾದಗಳನ್ನು ಮುಂದಕ್ಕೆ ಚಾಚುತ್ತಿದ್ದರು. ಹಿಮ್ಮಡಿಯ ಬಿರುಕುಗಳಲ್ಲಿ ಗದ್ದೆಯ ಕಪ್ಪು ಇನ್ನೂ ಉಳಿದಿತ್ತು. ಅರ್ಜಿಗಳಿದ್ದ ಟ್ರಂಕಿಗೆ ಮಾತ್ರ ಕಾಲು ತಾಗದಂತೆ ನೋಡಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಮಹಿಳಾ ಮೀಸಲಾತಿ ಬಂದು, ಪಾಂಡವಪುರದ ಕಡೆಯ ಒಕ್ಕಲು ಮನೆಯ ಈ ಸೊಸೆ ಜಿಲ್ಲಾ ಪಂಚಾಯಿತಿಗೆ ಗೆದ್ದಿದ್ದರು. ಹೆಸರು ಅವರದು, ಅಧಿಕಾರ ಗಂಡಸರದು ಎಂದುಕೊಂಡಿತ್ತು ಮನೆ. ಸಾಮಾಜಿಕ ನ್ಯಾಯ ಸಮಿತಿಯ ಅಧ್ಯಕ್ಷತೆ ಬೇಕೆಂದು ಅವರು ಪಟ್ಟು ಹಿಡಿದಾಗ ಯಾರೂ ಪೈಪೋಟಿಗೆ ಬರಲಿಲ್ಲವಂತೆ. ಅದರಲ್ಲಿ ರಸ್ತೆ, ಸೇತುವೆ ಯಾವುದೂ ಇರಲಿಲ್ಲವಲ್ಲ. ವಿಧವಾ ವೇತನ, ವೃದ್ಧಾಪ್ಯ ವೇತನದ ಅರ್ಜಿಗಳನ್ನು ಹೋಬಳಿಗಳಲ್ಲೇ ಕೂತು ಬರೆಸಿಕೊಳ್ಳುವ ಕಾರ್ಯಕ್ರಮವನ್ನು ಅವರು ಶುರು ಮಾಡಿದರು. ಹಳ್ಳಿಗಳಲ್ಲಿ ಅವರಿಗೆ ‘ಪಿಂಚಣಿ ಅಕ್ಕೋರು’ ಎಂದೇ ಹೆಸರಾಯಿತು. ಬರೆಯುವುದಕ್ಕೆ ನನ್ನನ್ನು ಹಾಕಿದರು. ನಾನು ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವಳು. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ.

ಹೊಣಕೆರೆಯ ಶಾಲೆಯಲ್ಲಿ ಮೊದಲ ದಿನವೇ ನನ್ನ ವಯಸ್ಸಿನ ಹೆಂಗಸೊಬ್ಬಳು ಎದುರು ಕೂತು ತೀರಿಹೋದ ಗಂಡನ ಹೆಸರು ಹೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ಅಧ್ಯಕ್ಷರು ನನ್ನನ್ನು ಶಾಲೆಯ ಹಿಂಭಾಗಕ್ಕೆ ಕರೆದೊಯ್ದರು.

“ಅವ್ಳು ಅಳಾಕ್ ಬಂದಿಲ್ಲ ಕಣಮ್ಮ, ಅರ್ಜಿ ಬರ್ಸಾಕ್ ಬಂದವ್ಳೆ. ನೀನು ಬರ್ಕೊಡು. ಆಮೇಲೆ ಜೀಪಲ್ಲಿ ಎಷ್ಟಾದ್ರೂ ಅಳು, ನಾನು ಕೇಳಕಿಲ್ಲ.”

ದೇವಲಾಪುರದಲ್ಲಿ ಒಬ್ಬ ಮುದುಕಿ ಸಿಕ್ಕಳು. ಗಂಡ ಮನೆ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಮರಣ ಪತ್ರವಿಲ್ಲದೆ ವಿಧವಾ ವೇತನವಿಲ್ಲ. ಸತ್ತನೆಂದು ಸಾಕ್ಷಿ ಹೇಳಲು ಊರಿನವರು ಸಿದ್ಧರಿದ್ದರು, ಮುದುಕಿ ಒಪ್ಪಲಿಲ್ಲ.

“ಎಲ್ಲೋ ಅವ್ರೆ ಕಣವ್ವ. ಸತ್ತೋದ್ರು ಅಂತ ನನ್ ಬಾಯಲ್ಲಿ ಏಳುಸ್ಬ್ಯಾಡಿ.”

ಅಧ್ಯಕ್ಷರು ನನ್ನ ಮುಂದಿದ್ದ ವಿಧವಾ ವೇತನದ ಅರ್ಜಿಯನ್ನು ಪಕ್ಕಕ್ಕಿಟ್ಟು, “ಬ್ಯಾಡ ಬುಡವ್ವ. ನಿಂಗೆ ವಯಸ್ಸಾಗೈತಲ್ಲ, ಅದ್ರ ಮ್ಯಾಲೆ ಬರ್ಸ್ತೀನಿ. ಅದ್ಕೆ ಯಾರೂ ಸಾಯ್ಬೇಕಾಗಿಲ್ಲ” ಎಂದರು.

ವಯಸ್ಸಿನ ದೃಢೀಕರಣಕ್ಕಾಗಿ ಮುದುಕಿಯನ್ನು ಜೀಪಿನಲ್ಲೇ ಆಸ್ಪತ್ರೆಗೆ ಕರೆತಂದೆವು. ಎರಡು ಸಲ ಡಾಕ್ಟರು ಸಿಗಲಿಲ್ಲ. ಮೂರನೆಯ ಸಲ ಸಿಕ್ಕರು. ವೇತನ ಮಂಜೂರಾಗಲು ಮತ್ತೆ ಎಂಟು ತಿಂಗಳು ಹಿಡಿಯಿತು. ಮಂಜೂರಾದ ದಿನವೂ ಅಧ್ಯಕ್ಷರು ನಗಲಿಲ್ಲ. “ಒಬ್ರಿಗೇ ಇಷ್ಟು ಸುಸ್ತಾದ್ರೆ, ಟ್ರಂಕಲ್ಲಿರೋರ್ಗೆಲ್ಲ ಏನ್ ಮಾಡಾನ?” ಎಂದು ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಅವರ ಪಕ್ಷದವರೇ ನಾಲೆ ಬಯಲಿನಲ್ಲಿ ನೀರಾವರಿ ಜಮೀನಿದ್ದ ತಮ್ಮ ತಾಯಂದಿರ ಹೆಸರನ್ನು ಪಟ್ಟಿಗೆ ಸೇರಿಸಲು ಹೇಳಿ ಕಳಿಸುತ್ತಿದ್ದರು. ಇವರು ಒಂದನ್ನೂ ಸೇರಿಸಲಿಲ್ಲ. ಮುಂದಿನ ಚುನಾವಣೆಯಲ್ಲಿ ಅವರ ಕ್ಷೇತ್ರದ ಮೀಸಲಾತಿ ಬದಲಾಯಿತು. ಟಿಕೆಟ್ಟು ಅವರ ಮೈದುನನಿಗೆ ಹೋಯಿತು. ಆತನ ಪ್ರಚಾರಕ್ಕೆ ಬಂದವರಿಗೆಲ್ಲ ಇವರೇ ಮುದ್ದೆ ಮಾಡಿ ಬಡಿಸಿದರೆಂದು ಕೇಳಿದೆ.

ಒಂದು ವರ್ಷದ ನಂತರ ನಮ್ಮ ಕಚೇರಿಯ ಸಾಲಿನಲ್ಲಿ ಅವರನ್ನು ಕಂಡೆ. ಹೊಣಕೆರೆ ಕಡೆಯ ಹಳ್ಳಿಯೊಂದರ ಕುರುಡಿಯ ಅರ್ಜಿ ಹಿಡಿದು, ಮೂರು ಬಸ್ಸು ಬದಲಾಯಿಸಿ ಬಂದಿದ್ದರು. ಕಚೇರಿಯ ಹೊಸಬರಿಗೆ ಅವರ ಗುರುತಿರಲಿಲ್ಲ. ನಾನು ಎದ್ದು ನಿಂತೆ. ಕೂತುಕೋ ಎಂದು ಕೈಸನ್ನೆ ಮಾಡಿದರು. ಸರದಿ ಬಂದಾಗ ಮೆಲ್ಲಗೆ, “ನೀನು ಎದ್ರೆ ನನ್ ಹಿಂದಿರೋರ್ಗೆ ಲೇಟಾಯ್ತದೆ” ಎಂದರು. ಮುಖ ಬಾಡಿತ್ತು, ಏದುಸಿರು ಬಿಡುತ್ತಿದ್ದರು. ಆರೋಗ್ಯ ಕೇಳಿದ್ದಕ್ಕೆ ಅರ್ಜಿಯನ್ನು ಮುಂದೆ ತಳ್ಳಿದರು.

ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ಎದೆನೋವೆಂದು ಮಂಡ್ಯಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ ಹೋದರಂತೆ. ನನಗೆ ತಿಳಿಯುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಕುರುಡಿಯ ಆದೇಶ ಬಂದಾಗ ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ರಜೆ ಹಾಕಿ ನಾನೇ ಕೊಂಡೊಯ್ದೆ. ಗುರುತಿಲ್ಲದ ಹಳ್ಳಿಗೆ ಒಬ್ಬಳೇ ಬಸ್ಸು ಹತ್ತುವ ಧೈರ್ಯ ನನಗೆ ಬಂದದ್ದೇ ಅವರ ಜೊತೆ ಸುತ್ತಿದ್ದರಿಂದ. ಆ ಹೆಂಗಸು ಕಾಗದ ಮುಟ್ಟಿ ನೋಡಿದಳು, ಮಡಿಚಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಬಾಗಿಲ ಕಡೆ ಕಿವಿಗೊಟ್ಟು, “ಅಕ್ಕೋರು ಬರ್ನಿಲ್ವಾ?” ಎಂದು ಕೇಳಿದಳು.

ನಾನು ಅವಳ ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದುಕೊಂಡು, ಅವರು ತೀರಿಹೋದದ್ದನ್ನು ಹೇಳಿದೆ.