ಕೀಲಿನೊಳಗಿನ ಗಾದಿ

ಹೋದ ವಾರ ರೋಣದ ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಹೊಟ್ಟೆನೋವೆಂದು ಒಬ್ಬ ಹೆಣ್ಣುಮಗಳು ಬಂದಿದ್ದಳು. ಮಂಚದ ಮೇಲೆ ಮಲಗಿಸಿ, ಸೆರಗು ಸರಿಸಲು ಬಗ್ಗಿದಾಗ ಅವಳ ಕೈಯಿಂದ ಗಂಜಿಯ ವಾಸನೆ ಬಂತು. ಊಟದ ಗಂಜಿಯದಲ್ಲ, ನೂಲಿಗೆ ಬಳಿಯುವ ಗಂಜಿಯದು. ಸ್ವಲ್ಪ ಹುಳಿ, ಸ್ವಲ್ಪ ಹಸಿ ಹತ್ತಿ.

“ಗಜೇಂದ್ರಗಡದವರೇನ್ರಿ?” ಎಂದೆ.

“ಹೌದ್ರಿ. ಹ್ಯಾಂಗ ಗೊತ್ತಾತು ನಿಮಗ?” ಅವಳಿಗೆ ಬೆರಗು.

ನಾನು ಸುಮ್ಮನೆ ನಕ್ಕೆ. ಆ ದಿನ ಮುಗಿಯುವವರೆಗೂ ಎದುರುಮನೆಯ ಕಾಕು ನೆನಪಾಗಿ ನನ್ನ ಜೊತೆಗೇ ಓಡಾಡಿಕೊಂಡಿದ್ದಳು...

ನೇಕಾರರ ಊರಾದ ಗಜೇಂದ್ರಗಡದಲ್ಲಿ ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದು ಸಣ್ಣ ಓಣಿ ಅಷ್ಟೇ. ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುತ್ತಿದ್ದರು. ಅವರಿಗೆ ಮಾತು ಕಡಿಮೆ. ಆ ಮನೆಯ ಮಾತೆಲ್ಲ ಕಾಕುವಿನದೇ. ಮಗ್ಗಕ್ಕೆ ಬಿಗಿದ ಉದ್ದನೂಲಿನ ಹಾಸು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುವುದು ಅವಳ ಕೆಲಸ. ಹತ್ತಿರ ಯಾರೂ ಇಲ್ಲದಿದ್ದರೆ ನೂಲಿನ ಜೊತೆಗೇ ಜಗಳ ತೆಗೆಯುತ್ತಿದ್ದಳು. “ಏ, ಎಲ್ಲಿ ಓಡತಿ? ಬಾ ಇಲ್ಲೆ” ಎಂದು ಬೈಯುವುದು ನಮ್ಮ ಪಡಸಾಲೆಗೆ ಕೇಳುತ್ತಿತ್ತು.

ನಾನು ಸ್ಕ್ಯಾನಿಂಗ್ ತಂತ್ರಜ್ಞೆಯ ಕೋರ್ಸು ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರಿಗೆ ಸೇರಿದ ಹೊಸತು. ದಿನಾ ಮುಂಜಾನೆ ನಾನು ಹೊಸ್ತಿಲು ದಾಟಿದರೆ ಸಾಕು, ಕಾಕು ಓಣಿಗೆಲ್ಲ ಕೇಳುವಂತೆ, “ನಮ್ಮ ಡಾಕ್ಟರು ಹೊಂಟ್ಲು, ದಾರಿ ಬಿಡ್ರಿ!” ಎನ್ನುತ್ತಿದ್ದಳು. ನಾಚಿಕೆಯಿಂದ ಓಡುವಂತೆ ನಡೆದುಬಿಡುತ್ತಿದ್ದೆ.

ಅವಳಿಗೆ ಒಬ್ಬಳೇ ಮಗಳು, ಗೀತಾ. ನನಗಿಂತ ತುಸು ಚಿಕ್ಕವಳು. ಆ ವರ್ಷ ಚಳಿಗಾಲದಲ್ಲಿ ಗೀತಾಳ ಬೆರಳುಗಳು ಮುಂಜಾನೆ ಮಡಚದಾದವು. ಚಹಾದ ಕಪ್ಪು ಹಿಡಿಯಲು ಎರಡೂ ಅಂಗೈ ಬೇಕಾಗುತ್ತಿತ್ತು. ಗದಗಿನ ಡಾಕ್ಟರು ಸಂಧಿವಾತ ಎಂದರು. ಆ ಹೊತ್ತಿಗಾಗಲೇ ನರಗುಂದದ ಮನೆತನವೊಂದರ ಜೊತೆ ಅವಳ ಮದುವೆ ಗೊತ್ತಾಗಿತ್ತು. ಕಾಕು ಗುಳಿಗೆಗಳನ್ನು ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯ ತಳದಲ್ಲಿ ಬಚ್ಚಿಟ್ಟಳು. ಯಾವುದನ್ನು ಯಾವಾಗ ನುಂಗಬೇಕೆಂದು ಓದಿ ಹೇಳಲು ನಾನು ಬೇಕಿದ್ದೆ. ಹಾಗಾಗಿ ನನಗೊಬ್ಬಳಿಗೆ ವಿಷಯ ಗೊತ್ತಾಯಿತು.

“ಯವ್ವಾ, ಓಣ್ಯಾಗ ಯಾರ ಮುಂದೂ ಅನಬ್ಯಾಡ. ನಿನ್ನ ಕಾಲ ಬೀಳತೀನಿ” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಕಾಕು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಗೀತಾಳಿಗೆ ಮುಚ್ಚಿಡುವುದು ಬೇಕಿರಲಿಲ್ಲ. “ಅವ್ವಾ, ಅವರಿಗೆ ಹೇಳೂಣು. ನಾಳೆ ಅವರ ಮನ್ಯಾಗ ಮುಂಜಾನಿ ಎದ್ದು ರೊಟ್ಟಿ ಹ್ಯಾಂಗ ಬಡೀಲಿ ನಾ?” ಎಂದು ನನ್ನ ಎದುರಿಗೇ ಕೇಳಿದಳು. ಕಾಕು ಮಾತು ಹಾರಿಸಿ ಒಳಗೆ ಹೋದಳು.

ಅದೇ ದಿನಗಳಲ್ಲಿ ನಮ್ಮ ಸೆಂಟರಿಗೆ ಬರುತ್ತಿದ್ದ ಡಾಕ್ಟರಮ್ಮ, ಎಲ್ಲರ ಬಾಯಲ್ಲಿ ‘ಬಾಯಾರು’, ರವಿವಾರಗಳಂದು ಹೊಸದೊಂದು ಕೆಲಸ ಶುರು ಮಾಡಿದರು. ಯಾವ ನೋವೂ ಇಲ್ಲದ ಜನರ ಬೆರಳ ಕೀಲುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ, ಒಳಗಿನ ಮೃದ್ವಸ್ಥಿ ಎಷ್ಟು ದಪ್ಪವಿದೆ ಎಂದು ಅಳೆಯುವುದು. ಬೆರಳು ಮಡಚಿಸಿ, ಗೆಣ್ಣಿನ ಮೇಲೆ ಜೆಲ್ಲಿ ಸುರಿದು, ಒತ್ತದ ಹಾಗೆ ಯಂತ್ರದ ಹಿಡಿಯನ್ನು ಇಟ್ಟರೆ, ಎಲುಬಿನ ಬಿಳಿ ಗೆರೆಯ ಮೇಲೆ ಕಪ್ಪನೆಯ ಒಂದು ಪಟ್ಟಿ ಕಾಣುತ್ತದೆ. ಒಂದು ಮಿಲಿಮೀಟರಿನಷ್ಟೂ ಇರದ ಪಟ್ಟಿ. ಅದೇ ಮೃದ್ವಸ್ಥಿ. ರೋಗದವರಲ್ಲಿ ಅದು ಎಷ್ಟು ತೆಳುವಾಗಿದೆ ಎನ್ನಬೇಕಾದರೆ ಆರೋಗ್ಯವಂತರಲ್ಲಿ ಎಷ್ಟಿರುತ್ತದೆಂದು ಮೊದಲು ತಿಳಿದಿರಬೇಕಲ್ಲ?

ಆದರೆ ಜನ ಬರಲಿಲ್ಲ. ಆರಾಮ ಇದ್ದವರು ದವಾಖಾನೆಗೆ ಯಾಕೆ ಹೋಗಬೇಕು ಎಂದರು ಕೆಲವರು. ಆ ಯಂತ್ರ ಕೀಲಿನೊಳಗಿನ ನೀರು ಹೀರುತ್ತದೆ ಎಂದು ಇನ್ಯಾರೋ ಸುದ್ದಿ ಹಬ್ಬಿಸಿದರು. ಹೆಣ್ಣುಮಕ್ಕಳನ್ನಂತೂ ಮನೆಯವರೇ ತಡೆದರು. ಇಲ್ಲದ ರೋಗ ಅಂಟಿಸಿ ಕಳಿಸಿದರೆ ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂಬ ಭಯ.

ಹಾಗೆ ಬೆಂಚು ಖಾಲಿಯಿದ್ದ ಒಂದು ರವಿವಾರ, ಯಾರೂ ನೋಡುವುದಿಲ್ಲವೆಂಬ ಧೈರ್ಯದಲ್ಲಿ ಕಾಕು ಗೀತಾಳನ್ನು ಕರೆದುಕೊಂಡು ಹಿಂದಿನ ಬಾಗಿಲಿನಿಂದ ಬಂದಳು. ಬಾಯಾರು ಗೀತಾಳ ಕೈ ನೋಡಿದರು. ಮುಗಿದ ಮೇಲೆ ಕಾಕು ತಾನಾಗಿಯೇ ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. “ಯಾರೂ ಬಂದಿಲ್ಲಲ್ರಿ ನಿಮ್ಮ ಕಡೆ. ನನ್ನ ಕೈ ನೋಡ್ರಿ. ನನಗ ಯಾವ ನೋವೂ ಇಲ್ಲ.”

ನಾನೇ ಜೆಲ್ಲಿ ಹಾಕಿದೆ. ಬಾಯಾರು ಪರದೆಯನ್ನು ಅವಳ ಕಡೆ ತಿರುಗಿಸಿದರು. “ನೋಡ್ರಿ, ಈ ಕರಿ ಪಟ್ಟಿ ಅಂದ್ರ ಎರಡ ಎಲುಬಿನ ನಡುವಿನ ಗಾದಿ ಇದ್ಹಂಗ. ನಿಮ್ಮದು ಭಾಳ ಚಲೋ ಐತಿ.”

“ನನ್ನ ಮಗಳದು?”

ಬಾಯಾರು ಗೀತಾಳ ಚಿತ್ರವನ್ನು ಪಕ್ಕದಲ್ಲಿ ತೆರೆದರು. ಅವಳ ಕಪ್ಪು ಪಟ್ಟಿ ಅಲ್ಲಲ್ಲಿ ಸವೆದು ಎಳೆಯಂತಾಗಿತ್ತು. ಕಾಕು ಎರಡನ್ನೂ ನೋಡಿದಳು. ಜೆಲ್ಲಿ ಮೆತ್ತಿದ ಕೈ ಹಾಗೇ ಮೇಜಿನ ಮೇಲಿತ್ತು.

“ಬಾಯಾರ, ನನ್ನದು ತಗದು ಅಕಿಗೆ ಹಾಕಾಕ ಬರೂದಿಲ್ಲೇನ್ರಿ?”

“ಇಲ್ಲ, ಯವ್ವಾ...” ಬಾಯಾರ ದನಿ ಮೆತ್ತಗಾಯಿತು. “ಹಂಗ ಬರಂಗಿಲ್ಲ. ಆದ್ರ ಗುಳಗಿ ತಪ್ಪಿಸದಿದ್ರ ಇದ್ದದ್ದನ್ನ ಉಳಿಸಿಕೊಳ್ಳಾಕ ಬರತೈತಿ.”

“ಮತ್ತ ನೀವು ಚಲೋ ಇದ್ದವರ ಕೈ ಅಳದ್ರ ನನ್ನ ಮಗಳಿಗೆ ಗುಣ ಆಗತೈತೇನ್ರಿ?”

“ಖರೇ ಹೇಳತೀನಿ, ನಿಮ್ಮ ಮಗಳಿಗೆ ಅಂತ ಏನೂ ಆಗಂಗಿಲ್ಲ. ಮುಂದ ಬರೋವ್ರಿಗೆ ಲಗೂ ಗೊತ್ತಾಗಬಹುದು, ಅಷ್ಟ.”

ಮನೆಗೆ ಹೋಗುವಾಗ ಗೀತಾ ಅವ್ವನ ತೋಳು ಹಿಡಿದು ನಡೆದಳು.

ಆ ವಾರದಲ್ಲೇ ಒಂದು ಮುಂಜಾನೆ ಓಣಿಯುದ್ದಕ್ಕೂ ಹಾಸು ಬಿಗಿದಿದ್ದರು. ನೂಲಿನ ಎರಡೂ ಬದಿಗೆ ನಿಂತು ಓಣಿಯವರೆಲ್ಲ ಗಂಜಿ ಬಳಿಯುತ್ತಿದ್ದರು. ನಾನು ಕೆಲಸಕ್ಕೆ ಹೊರಟವಳು ದಾರಿಯಿಲ್ಲದೆ ಬಾಗಿಲಲ್ಲೇ ನಿಂತಿದ್ದೆ. ಯಾರೋ ನನ್ನನ್ನು ನೋಡಿ, “ಏನವಾ, ಇವತ್ತ ಯಾರ ಕೀಲ ನೀರು ಹೀರಾಕ ಹೊಂಟಿ?” ಎಂದರು. ಎಲ್ಲರೂ ನಕ್ಕರು.

ಕಾಕು ನಗಲಿಲ್ಲ. ಕೈಯಲ್ಲಿದ್ದ ಕುಂಚವನ್ನು ಬಕೆಟ್ಟಿನಲ್ಲಿಟ್ಟಳು. ಗೀತಾಳ ಕಡೆ ನೋಡಿದಳು. ಗೀತಾ ಮೆಲ್ಲಗೆ ತಲೆಯಾಡಿಸಿದಳು.

“ನನ್ನ ಗೀತಾಗ ಸಂಧಿವಾತ ಐತಿ” ಎಂದಳು ಕಾಕು. “ಆ ಮಷೀನಿನ್ಯಾಗ ನನ್ನ ಕೈನೂ ನೋಡ್ಯಾರ, ಅಕಿ ಕೈನೂ ನೋಡ್ಯಾರ. ಯಾವ ನೀರೂ ಹೀರಿಲ್ಲ. ನನ್ನ ಮಗಳಿಗೆ ಆಗಿದ್ದು ನಿಮ್ಮ ಮಕ್ಕಳಿಗೆ ಆದ್ರ ಲಗೂ ತಿಳೀಬೇಕಂದ್ರ ಆರಾಮ ಇದ್ದವರು ಕೈ ಕೊಡಬೇಕಂತ. ನಾ ಕೊಟ್ಟೀನಿ. ನೀವೂ ಬರ್ರಿ.”

ಬಳಿಯುತ್ತಿದ್ದ ಕುಂಚಗಳು ನಿಂತವು. ನರಗುಂದದ ಸಂಬಂಧ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾತು ಎಷ್ಟು ಬೇಗ ನರಗುಂದ ಮುಟ್ಟುತ್ತದೆಂಬುದೂ ಗೊತ್ತಿತ್ತು. ಗೀತಾ ಬಂದು ಅವ್ವನ ಪಕ್ಕ ನಿಂತು, ಊದಿದ ಗೆಣ್ಣುಗಳ ಕೈಯಲ್ಲಿ ಆ ಕುಂಚ ಎತ್ತಿಕೊಂಡು ಮತ್ತೆ ಗಂಜಿ ಬಳಿಯತೊಡಗಿದಳು. ಮಗ್ಗದ ಸದ್ದು ನಿಂತಿತ್ತು. ಕಾಕಾ ಹೊರಗೆ ಬಂದು, ಹಾಸಿನ ಆಚೆ ಬದಿಗೆ ಮಗಳ ಎದುರಿಗೆ ನಿಂತರು.

ಮುಂದಿನ ರವಿವಾರ ಬೆಂಚು ಸಾಲಲಿಲ್ಲ. ಕಾಕು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತ, “ಕೈ ಬಿಗಿ ಮಾಡಬ್ಯಾಡ, ತಣ್ಣಗ ಆಗತೈತಿ, ಅಷ್ಟ” ಎಂದು ಧೈರ್ಯ ಹೇಳುತ್ತಿದ್ದಳು. ಆ ಸಾಲಿನಲ್ಲಿ ಕೆಳಗಿನ ಓಣಿಯ ಸೊಸೆಯೊಬ್ಬಳು, ನಾನು ಜೆಲ್ಲಿ ಹಾಕುವಾಗ ಕಿವಿಯ ಹತ್ತಿರ ಬಂದು, ತನಗೂ ಮುಂಜಾನೆ ಬೆರಳು ಮಡಚುವುದಿಲ್ಲ, ಮನೆಯಲ್ಲಿ ಹೇಳಿಲ್ಲ ಎಂದಳು. ಬಾಯಾರು ಅವಳನ್ನು ಆರೋಗ್ಯವಂತರ ಅಳತೆಯಿಂದ ಕೈಬಿಟ್ಟು ಗದಗಿಗೆ ಕಳಿಸಿದರು. ಅವಳು ಈಗಲೂ ನೇಯುತ್ತಾಳೆ.

ನರಗುಂದದವರು ಬಂದರು. ಕೆಟ್ಟ ಜನರಲ್ಲ, ಒಂದೂ ಬಿರುಸು ಮಾತಾಡಲಿಲ್ಲ. ಕಾಕು ಬಡಿಸಿದ್ದನ್ನು ಉಂಡು, “ನಮ್ಮ ಮನ್ಯಾಗ ಕೆಲಸ ಭಾಳ ಐತ್ರಿ” ಎಂದು ಕೈಮುಗಿದು, ಸಂಬಂಧ ಬಿಟ್ಟು ಹೋದರು. ಅಂದು ಕಾಕು ನೂಲನ್ನೂ ಬೈಯಲಿಲ್ಲ. ಸಂಜೆ ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ಗೀತಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಬೆರಳಿನಿಂದ ಆಗದೆ ಅಂಗೈಯಿಂದ.

“ಕೆಡಿಸಿಬಿಟ್ಟೆ ಏನವಾ ನಾ?” ಎಂದು ಕೇಳಿದಳು ಕಾಕು. ನನ್ನನ್ನೋ ಮಗಳನ್ನೋ ತಿಳಿಯಲಿಲ್ಲ.

“ನನಗ ಹಗುರಾಗೈತಿ, ಅವ್ವಾ” ಎಂದಳು ಗೀತಾ. “ಇನ್ನ ಗುಳಗಿ ಅಡುಗಿಮನ್ಯಾಗ ಇಡೂಣು.”

ಗೀತಾ ಆಮೇಲೆ ತಾನೇ ಬಸ್ಸು ಹತ್ತಿ ಗದಗಿಗೆ ಹೋಗಿಬರತೊಡಗಿದಳು. ಬಾವು ನಿಧಾನವಾಗಿ ಇಳಿಯಿತು. ಎಳೆ ಹೊಸೆಯುವ ಕೆಲಸ ಅವಳಿಗೆ ಒಗ್ಗಲಿಲ್ಲ. ಬಸ್ ಸ್ಟ್ಯಾಂಡಿನ ಒಂದು ಸೀರೆ ಅಂಗಡಿಗೆ ಸೇರಿದಳು. ಮದುವೆಯ ಮಾತುಗಳು ಆಮೇಲೆ ಬಂದವು, ಹೋದವು. ಬಂದವರಿಗೆಲ್ಲ ಕಾಕು ಮೊದಲು ಕಾಯಿಲೆಯ ವಿಷಯ ಹೇಳಿ, ಆಮೇಲೆ ಚಹಾ ಕೊಡುತ್ತಿದ್ದಳು.

ನಾನು ರೋಣಕ್ಕೆ ಬಂದ ಮೇಲೆ ಹೋಗಿಬರುವುದು ಕಡಿಮೆಯಾಯಿತು. ಹೋದ ಮಳೆಗಾಲದಲ್ಲಿ, ಎಳೆ ಕೂಡಿಸುತ್ತ ಕೂತಲ್ಲೇ ಕಾಕುವಿನ ಎದೆಬಡಿತ ನಿಂತಿತು. ನಾನು ಊರು ಮುಟ್ಟುವಷ್ಟರಲ್ಲಿ ಅವಳನ್ನು ಓಣಿಗೆ ತಂದು ಮಲಗಿಸಿದ್ದರು.

ನಿನ್ನೆ ಗೀತಾ ರೋಣಕ್ಕೆ ಬಂದಿದ್ದಳು. ಈಗ ಕೀಲಿನ ಅಳತೆಗೆ ಇಲ್ಲಿಗೇ ಬರುತ್ತಾಳೆ, ಇಲ್ಲಿಯ ಡಾಕ್ಟರು ನೋಡುತ್ತಾರೆ. ಒಂದೊಂದೇ ಗೆಣ್ಣು ನೋಡಿ, ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ಅವರು, “ಹೋದ ವರ್ಷದಷ್ಟ ಐತಿ. ಒಂದಿಷ್ಟೂ ಸವದಿಲ್ಲ” ಎಂದು ಹೇಳಿ ಹೊರಗೆ ಹೋದರು.

ಗೀತಾಳ ಮುಖ ಅರಳಿತು. ಒದ್ದೆ ಕೈಯಲ್ಲೇ ಚೀಲದಿಂದ ಫೋನು ತೆಗೆದು, ಹೆಬ್ಬೆರಳಿನಿಂದ ಒತ್ತಿ ಕಿವಿಗಿಟ್ಟುಕೊಳ್ಳಲು ಹೋದವಳು ತಡೆದಳು. ಪರದೆಯ ಮೇಲೆ ‘ಅವ್ವ’ ಎಂದಿತ್ತು. ಕೆಳಗಿಟ್ಟಳು.

“ಇದನ್ನ ಕೇಳಿದ್ರ ಓಣಿಗೆಲ್ಲಾ ಸಾರತಿದ್ಲು” ಎಂದಳು.

ಹೊರಗೆ ಮುಂದಿನವರು ಕಾಯುತ್ತಿದ್ದರು. ಬಟ್ಟೆ ತೆಗೆದುಕೊಂಡು ಅವಳ ಬೆರಳುಗಳಿಂದ ಜೆಲ್ಲಿ ಒರೆಸತೊಡಗಿದೆ. ಬೇಕಾದದ್ದಕ್ಕಿಂತ ಸ್ವಲ್ಪ ನಿಧಾನವಾಗಿ.